ಹೆಗಲ ಮೇಲೆ ಎರಡು ಬೆರಳು

ವಾಕರ್‌ಸ್ಟ್ರೂಮಿನ ಹುಲ್ಲುಬಯಲು, ಬೆಳಗಿನ ಐದು ಗಂಟೆ.
ನೆಲವೇ ಉಸಿರು ಬಿಟ್ಟಂತೆ ಮಂಜು.
ಎಂಟು ಜನ, ಎಂಟು ದುರ್ಬೀನು, ಒಂದೇ ಫ್ಲಾಸ್ಕು.
ಎಲ್ಲರಿಗೂ ಮುಂದೆ ಬಾಬಾ ಎಲ್ಫಾಸ್ ಮಾವುಸೊ,
ಅವನ ಬೆನ್ನಿಗೆ, ಕೈಗೆಟುಕುವಷ್ಟು ಹಿಂದೆ, ನಾನು,
ಫಿಕೀಲೆ, ವ್ಯಾನು ಓಡಿಸುವವಳು.

ಇಪ್ಪತ್ತೇಳು ವರ್ಷ ಇದೇ ದಾರಿ ತುಳಿದ ಕಾಲು.
ಹುಲ್ಲು ಬಾಗಿದ್ದು ನೋಡಿ ಗೂಡು ಹೇಳುತ್ತಾನೆ,
ಹಿಕ್ಕೆ ನೋಡಿ ನಿನ್ನೆಯ ಊಟ.
ಆದರೆ ಸಣ್ಣ ದನಿಗಳು ಅವನನ್ನು ಬಿಟ್ಟುಹೋದವು,
ಸಾಲ ಕೇಳಿದೊಡನೆ ನೆಂಟರು ಎದ್ದು ಹೋದ ಹಾಗೆ:
ಮೊದಲು ಮಿಡತೆ, ಆಮೇಲೆ ಸೂರಕ್ಕಿ,
ಹೋದ ಚಳಿಗಾಲಕ್ಕೆ ಈ ಬಯಲಿನ ಬಾನಾಡಿ.
ಕಡಲು ದಾಟಿ ಜನ ಬರುವುದು ಅದಕ್ಕೇ.

ಗೊತ್ತಿರುವುದು ನಮ್ಮಿಬ್ಬರಿಗೆ.
ಹಕ್ಕಿ ಎಡಕ್ಕೆ ಹಾಡಿದರೆ ಎಡ ಹೆಗಲಿಗೆ ಎರಡು ಬೆರಳು,
ಬಲಕ್ಕಾದರೆ ಬಲಕ್ಕೆ. ನೆತ್ತಿಯ ಮೇಲಾದರೆ
ಕತ್ತಿನ ಹಿಂದೆ, ಕಾಲರು ಸವೆದಲ್ಲಿ.
ಒಂದು ಗಳಿಗೆ ತಡೆದು, ತಲೆ ವಾಲಿಸಿ,
ಕೇಳಿಸಿಕೊಂಡವನ ಹಾಗೆ, "ಅಗೋ" ಅನ್ನುತ್ತಾನೆ.
ಎಂಟು ಕತ್ತು ಒಟ್ಟಿಗೆ ಏಳುತ್ತವೆ.
ಅಲ್ಲೇ ಇರುತ್ತದೆ, ಆಕಾಶಕ್ಕೆ ಚುಚ್ಚಿದ ಗುಂಡುಸೂಜಿಯ ತಲೆ.
ಪಟ್ಟಿಯಲ್ಲಿ ಗುರುತು. ಕಾಫಿ. ಮುಂದಕ್ಕೆ.

ಮೂರು ದಿನ ನನ್ನ ಹೆಸರು ಹೇಳಲಿಲ್ಲ ಅವನು.
"ನಮ್ಮ ಡ್ರೈವರ್" ಅಂದ. ಅಷ್ಟೇ ಅಂದ.
ಮೂರನೆಯ ಬೆಳಗ್ಗೆ ಗಾಳಿ, ಬಯಲು ಬರಿದು,
ನನ್ನೊಳಗೇನೋ ಹುಳಿಯಿತು.
ಏನೂ ಹಾಡದ ಬಲಗಡೆಯ ಬಾನಿಗೆ
ಬಲ ಹೆಗಲನ್ನು ಒತ್ತಿದೆ.

"ಅಗೋ."
ಏಳು ಜನ ಹುಡುಕಿದರು. ಉಟ್ರೆಕ್ಟಿನಿಂದ ಬಂದ
ನಿವೃತ್ತ ಹಲ್ಲಿನ ಡಾಕ್ಟರು ಮಾತ್ರ ಕೂಗಿದರು:
"ಕಂಡೆ! ಬಾಲದ ಬಿಳಿ ಅಂಚೂ ಕಂಡೆ!"
ಆ ಇಲ್ಲದ ಹಕ್ಕಿ ಈಗ ಅವರ ಪುಸ್ತಕದಲ್ಲಿ
ತಾರೀಖಿನ ಸಮೇತ ಹಾರುತ್ತಿದೆ.
ನಗು ನುಂಗಿದೆ. ನುಂಗಿದ್ದು ಗಂಟಲಲ್ಲೇ ನಿಂತಿತು.

ಘಟ್ಟ ಇಳಿದೆವು. ಚಳಿ ಒಂದೊಂದೇ ಸ್ವೆಟರು ಕಳಚಿತು.
ಪೊಂಗೋಲದಲ್ಲಿ ಕಬ್ಬು, ಬಿಸಿಲು, ಲಾರಿಗಳ ದೂಳು.
ಪೆಟ್ರೋಲು ಬಂಕಿನಲ್ಲಿ ಉಳಿದವರು ನೆರಳಿಗೆ ಹೋದಾಗ
ಗಾಜು ಒರೆಸುತ್ತ ಹೇಳಿದ:
"ಅಂಥ ಗಾಳಿಗೆ ಬಾನಾಡಿ ಏಳುವುದಿಲ್ಲ, ಮಗಳೇ."
"ಮತ್ತೆ ಯಾಕೆ ತೋರಿಸಿದಿರಿ?"
"ನೀನು ಒತ್ತಿದೆಯಲ್ಲ."

ಮೀಟರಿನಲ್ಲಿ ಅಂಕಿಗಳು ಓಡುತ್ತಿದ್ದವು.
ಹಣ ನಾನು ಕೊಟ್ಟೆ. ಚಿಲ್ಲರೆ ಎಣಿಸಲಿಲ್ಲ.

ಮ್ಕೂಝೆಯ ಮುಳ್ಳುಕಾಡಿನಲ್ಲಿ ತಂತಿಯ ಮೇಲೆ ಕಳ್ಳಿಪೀರಗಳು,
ಒಗೆದು ಹರವಿದ ಮಕ್ಕಳ ಬಟ್ಟೆಯಂತೆ.
ಅತ್ತಿಮರದ ಒಳಗಿಂದ ಕೋಗಿಲೆ ಕರೆಯಿತು,
ಫೆಝು-ಕೊಂ-ಖೋನೊ, ಫೆಝು-ಕೊಂ-ಖೋನೊ.
"ತೋಳು ಮೇಲೇರಿಸಿ, ಉಳುವ ಹೊತ್ತಾಯಿತು ಅನ್ನುತ್ತಿದೆ," ಅಂದ.
ಇದು ಕೇಳಿಸುತ್ತದೆ ಅವನಿಗೆ. ದಪ್ಪ ದನಿಗಳು ಹೋಗಿಲ್ಲ.
ಆಮೇಲೆ ಪೊದೆಯಲ್ಲಿ ಏನೋ ಚಿಲಿಪಿಲಿಸಿತು;
ನನ್ನ ಬೆರಳು ಏಳುವ ಮೊದಲೇ ಅವನು ಹಿಂದೆ ತಿರುಗಿದ,
ಎಂಟು ಜನರ ಎದುರಿಗೆ:
"ನನ್ನ ಕಿವಿಗೆ ಅದು ಸಿಕ್ಕುವುದಿಲ್ಲ. ಫಿಕೀಲೆಯನ್ನು ಕೇಳಿ."

ಡಾಕ್ಟರು ನನ್ನ ಹೆಸರಿನ ಕಾಗುಣಿತ ಕೇಳಿದರು,
ಹಕ್ಕಿಗಳ ಕಾಲಮ್ಮಿನಲ್ಲೇ ಬರೆದುಕೊಂಡರು.

ಕೊನೆಯ ರಾತ್ರಿ ನ್ದೂಮೊ. ಹೊಳೆ ಕತ್ತಲಲ್ಲಿ ದಪ್ಪಗೆ ಹರಿಯುತ್ತಿತ್ತು,
ಡೇರೆಗಳಲ್ಲಿ ಗೊರಕೆ. ವ್ಯಾನಿನ ಮೆಟ್ಟಿಲ ಮೇಲೆ ಕೂತು
ಟೈರಿನ ಗಾಳಿ, ನಾಳಿನ ಡೀಸೆಲು, ಏನೇನೋ ಲೆಕ್ಕ ಹಾಕುತ್ತಿದ್ದೆ.
ಎಡ ಹೆಗಲ ಮೇಲೆ
ಎರಡು ಬೆರಳು.

ನನಗಿನ್ನೂ ಏನೂ ಕೇಳಿಸಿರಲಿಲ್ಲ.
ಉಸಿರು ಹಿಡಿದೆ. ಆಚೆ ದಡದ ಆಚೆಯಿಂದ
ಖಾಲಿ ಹಂಡೆಯೊಳಗೆ ಯಾರೋ ನಿಟ್ಟುಸಿರಿಟ್ಟ ಹಾಗೆ
ಮೀನುಗೂಬೆ.

ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬರೆದುಕೊಂಡು ಬಂದ ಹಕ್ಕಿ.
ಎಬ್ಬಿಸಬೇಕಿತ್ತು.
ನಾವಿಬ್ಬರೂ ಕದಲಲಿಲ್ಲ.